ಸುಮ್ಮನಿರಿ ಎನ್ನುವವರಿಗೆ

ಕಳೆದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಕರೆಜ್ಮಾದಲ್ಲಿ, ನಮ್ಮ ಕಡೆಯ ಒಂದು ಇಗರ್ಜಿಯಲ್ಲಿ ಮಹಿಳೆಯರಿಗಾಗಿ ಒಂದು ದಿನದ ಧ್ಯಾನಕೂಟ ನಡೆಯಿತು. ವಿಷಯ: ಮಾತು ಮತ್ತು ಮೌನ. ಪ್ರವಚನಕ್ಕೆ ಹೊರಗಿನಿಂದ ಬಂದಿದ್ದ ಗುರುಗಳು ಮಾತಿನಲ್ಲಿ ನಿಪುಣರು. ಯಾಕೋಬನ ಪತ್ರದಲ್ಲಿ ನಾಲಗೆಯ ಕುರಿತು ಬರುವ ಮೂರನೆಯ ಅಧ್ಯಾಯವನ್ನು ಹಿಡಿದು ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡಿಗೆ ಬಿದ್ದ ಕಿಡಿ ಎಂದು ಚೆನ್ನಾಗಿಯೇ ವಿವರಿಸಿದರು. ನಡುವೆ ಒಂದು ತಮಾಷೆ. "ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸ ನಿಮಗೆಲ್ಲ ಸುಲಭ. ಒಂದು ದಿನ ಮಾತು ಬಿಡಿ ನೋಡುವ, ಅದು ಹೆಂಗಸರಿಂದ ಆಗುವ ಕೆಲಸವಾ?" ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ. ಅದಾದ ಮೇಲೆ ಹೆಸರು ಬರೆಯದ ಚೀಟಿಗಳಲ್ಲಿ ಪ್ರಶ್ನೆ ಕೇಳುವ ಕಾರ್ಯಕ್ರಮ. ಟೀಚರ್ ಎಂಬ ಕಾರಣಕ್ಕೆ ಚೀಟಿಗಳನ್ನು ಒಟ್ಟು ಮಾಡಿ ಕೊಡುವ ಕೆಲಸ ನನಗೆ ಬಂತು. ಹೆಚ್ಚಿನವು ಜಪ, ಉಪವಾಸ, ಮಕ್ಕಳ ಮೊಬೈಲು. ಒಂದು ಚೀಟಿಯಲ್ಲಿ ಮಾತ್ರ, ಗಂಡ ಕುಡಿದು ಬಂದು ಹೊಡೆಯುತ್ತಾನೆ, ತವರಿನಲ್ಲಿ ಹೇಳಿಕೊಂಡರೆ ಅದು ಮನೆಯ ಗುಟ್ಟು ಹೊರಗೆ ಹಾಕಿದ ಪಾಪವಾಗುತ್ತದೆಯೇ ಎಂದು ಕೇಳಿತ್ತು. ಗುರುಗಳು ಅದನ್ನು ಓದಿ ಕ್ಷಣ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ, ಮಾತೆ ಮರಿಯಮ್ಮನವರು ಎಲ್ಲವನ್ನೂ ಹೃದಯದಲ್ಲೇ ಇಟ್ಟುಕೊಂಡಿದ್ದರು, ನೀವೂ ಹಾಗೆಯೇ ಇಟ್ಟುಕೊಂಡು ಪ್ರಾರ್ಥಿಸಿ, ಮೌನಕ್ಕೆ ದೊಡ್ಡ ಶಕ್ತಿಯಿದೆ ಎಂದು ಹೇಳಿ ಮುಂದಿನ ಚೀಟಿ ತೆಗೆದರು.

ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವಳಿಗೆ ಅಕ್ಷರದ ಗುರುತು ಹತ್ತುತ್ತದೆ. ಆ ದಿನ ಹತ್ತಿತೋ ಇಲ್ಲವೋ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಆದರೆ ಆ ಉತ್ತರ ಕೇಳಿ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಈ ಬರಹ ಆ ಸಿಟ್ಟಿನದು.

ಮೌನದ ಮೇಲೆ ನನಗೆ ತಕರಾರಿಲ್ಲ. ಅದರ ಬೆಲೆ ಶಾಲೆಯಲ್ಲಿ ಕಲಿತವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಶ್ನೆ ಕೇಳಿದ ಮರುಗಳಿಗೆಯೇ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಅಮೆರಿಕದ ಮೇರಿ ಬಡ್ ರೋ ಎಂಬಾಕೆ ತರಗತಿಗಳಲ್ಲಿ ಕುಳಿತು ಇದನ್ನೇ ಅಳೆದು ನೋಡಿ 1970ರ ದಶಕದಲ್ಲಿ ಬರೆದಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಹೆಚ್ಚೆಂದರೆ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಅದುವರೆಗೆ ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರಂತೆ. ನಾನೂ ಮಾಡಿ ನೋಡಿದೆ. ಕೊನೆಯ ಬೆಂಚಿನ ಹುಡುಗಿ, ಜೂನಿನಿಂದ ದೀಪಾವಳಿಯ ತನಕ ಒಂದು ಮಾತಾಡದವಳು, ಎದ್ದು ನಿಂತು ಉತ್ತರ ಹೇಳಿದಳು. ಒಳ್ಳೆಯ ಮೌನ ಇನ್ನೊಬ್ಬರ ಬಾಯಿ ಬಿಡಿಸುತ್ತದೆ. ಪೋಪ್ ಹದಿನಾರನೆಯ ಬೆನೆಡಿಕ್ಟರು 2012ರ ಸಮೂಹ ಮಾಧ್ಯಮ ದಿನದ ಸಂದೇಶಕ್ಕೆ ಮೌನ ಮತ್ತು ಮಾತನ್ನೇ ವಿಷಯವಾಗಿ ಆರಿಸಿಕೊಂಡು ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು. ನಾವು ಸುಮ್ಮನಿದ್ದರೆ ಎದುರಿನವರಿಗೆ ಮಾತಾಡಲು ಜಾಗ ಸಿಗುತ್ತದೆ ಎಂದು. ಧ್ಯಾನಕೂಟದ ಆ ಉತ್ತರ ಮಾಡಿದ್ದು ಇದರ ತದ್ವಿರುದ್ಧ. ಕಷ್ಟಪಟ್ಟು ತೆರೆದುಕೊಂಡ ಒಂದು ಬಾಯಿಯನ್ನು ಮುಚ್ಚಿಸಿತು. ಅದಕ್ಕೆ ಮೌನವೆಂಬ ಪುಣ್ಯದ ಹೆಸರನ್ನೂ ಕೊಟ್ಟಿತು.

ಮರಿಯಮ್ಮನವರ ವಿಷಯಕ್ಕೇ ಬರುತ್ತೇನೆ. ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ಬಿಡಿಸಿ ಓದಿ. ಅದರಲ್ಲಿ ಬಾಯಿ ಕಟ್ಟಿಹೋದವರು ಯಾರು? ದೇವಾಲಯದ ಯಾಜಕ ಜಕರೀಯ! ದೇವದೂತನ ಮಾತನ್ನು ನಂಬಲಿಲ್ಲವೆಂದು ಮಗು ಹುಟ್ಟಿ ಹೆಸರಿಡುವ ತನಕ ಮೂಕನಾಗಿದ್ದ. ಆ ತಿಂಗಳುಗಳಲ್ಲಿ ಬೆಟ್ಟದ ಮೇಲಿನ ಅವನ ಮನೆಯಲ್ಲಿ ಮಾತಾಡಿದವರು ಇಬ್ಬರು ಬಸುರಿ ಹೆಂಗಸರು, ಎಲಿಜಬೇತಮ್ಮ ಮತ್ತು ಮರಿಯಮ್ಮ. ಅಲ್ಲಿ ಮರಿಯಮ್ಮ ಹಾಡಿದ ಸ್ತುತಿ ಮೆಲುದನಿಯ ಜೋಗುಳವಲ್ಲ. ಸಿಂಹಾಸನದ ಮೇಲೆ ಕುಳಿತವರು ಕೆಳಗಿಳಿಯುವ ಮಾತು ಅದರಲ್ಲಿದೆ. ಹೃದಯದಲ್ಲಿ ಇಟ್ಟುಕೊಂಡರು ಎಂಬುದು ಕುರುಬರು ಬಂದು ಹೇಳಿದ ಸಂತೋಷದ ಸುದ್ದಿಯನ್ನು, ಹನ್ನೆರಡು ವರ್ಷದ ಮಗ ದೇವಾಲಯದಲ್ಲಿ ಹೇಳಿದ ಅರ್ಥವಾಗದ ಮಾತನ್ನು. ಯಾರೋ ಹೊಡೆದ ಏಟನ್ನು ಅಲ್ಲ. ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ ಅದನ್ನು ಮೊದಲು ಗಮನಿಸಿ ಬಾಯಿಬಿಟ್ಟು ಹೇಳಿದವರೂ ಅವರೇ. ಇನ್ನೊಬ್ಬರ ಮನೆಯ ಮರ್ಯಾದೆ ಹೋಗುತ್ತಿದೆ ಎಂದಾಗ ಆ ತಾಯಿ ಸುಮ್ಮನೆ ಕುಳಿತಿರಲಿಲ್ಲ. ಪ್ರವಚನಗಳಲ್ಲಿ ಈ ಭಾಗ ಯಾಕೆ ಕೇಳಿಸುವುದಿಲ್ಲವೋ ತಿಳಿಯದು.

ಯೇಸುಸ್ವಾಮಿಯ ಮೌನವನ್ನೂ ಹೀಗೆಯೇ ಅರ್ಧ ಹೇಳುತ್ತಾರೆ. ಹೆರೋದನ ಎದುರಿಗೆ ಅವರು ಮಾತಾಡಲಿಲ್ಲ, ನಿಜ. ಅವನಿಗೆ ಬೇಕಾಗಿದ್ದದ್ದು ಮೋಜು. ಆದರೆ ಅದರ ಹಿಂದಿನ ರಾತ್ರಿ ಮಹಾಯಾಜಕನ ಮನೆಯಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ, ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ಕೇಳಿಯೇ ಬಿಟ್ಟರು. ಯೋವಾನ್ನನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿದೆ. ಹೊಡೆದವನನ್ನು ಯಾಕೆ ಹೊಡೆದೆ ಎಂದು ಕೇಳುವುದು ಕ್ರೈಸ್ತರಿಗೆ ಪಾಪವಾಗಿದ್ದರೆ ಈ ಸಾಲುಗಳನ್ನು ಬೈಬಲ್ಲಿನಿಂದ ತೆಗೆದುಹಾಕಬೇಕಾಗುತ್ತದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಹೆಂಗಸೊಬ್ಬಳನ್ನು ಎಳೆದು ತಂದಾಗ ಮೊದಲು ಬಗ್ಗಿ ನೆಲದ ಮೇಲೆ ಬರೆಯುತ್ತಾ ಕುಳಿತರು. ಗದ್ದಲ ಮಾಡುವವರನ್ನು ಕಾಯಿಸಿದರು. ಆಮೇಲೆ ಒಂದೇ ಒಂದು ಮಾತು. ಕಲ್ಲುಗಳು ಕೈಯಿಂದ ಜಾರಿದವು. ಮೌನದಲ್ಲಿ ತೂಗಿ ಆಡಿದ ಮಾತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಸುಮ್ಮನೇ ಉಳಿದಿದ್ದರೆ ಆ ಹೆಂಗಸು ಸಾಯುತ್ತಿದ್ದಳು.

ನಮ್ಮ ಜಿಲ್ಲೆಗೆ ಕ್ರೈಸ್ತ ಮೌನವೂ ಕ್ರೈಸ್ತ ಮಾತೂ ಒಂದೇ ವರ್ಷ, ಒಂದೇ ಕಾರ್ಮೆಲ್ ಮನೆತನದ ಹೆಂಗಸರ ಜೊತೆ ಬಂದವು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಹೊರಟ ಕಾರ್ಮೆಲ್ ಕನ್ಯಾಸ್ತ್ರೀಯರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಉಳಿದವರು ಸ್ಥಾಪಿಸಿದ ಮಠ ಹೊರಲೋಕದ ಸಂಪರ್ಕವಿಲ್ಲದೆ ಮೌನ, ಪ್ರಾರ್ಥನೆಗಳಲ್ಲಿ ಬಾಳುವವರದು. ಅದೇ ವರ್ಷ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರರು ಹಿಡಿದದ್ದು ಹೆಣ್ಣುಮಕ್ಕಳ ಶಾಲೆಯ ಕೆಲಸ. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದವರು ಇವರೇ. ಒಂದು ಗೋಡೆಯ ಒಳಗೆ ಮೌನ, ಇನ್ನೊಂದು ಗೋಡೆಯ ಒಳಗೆ ಹುಡುಗಿಯರು ಎದ್ದು ನಿಂತು ಗಟ್ಟಿಯಾಗಿ ಪಾಠ ಓದುವ ದನಿ. ಎರಡೂ ದೇವರ ಕೆಲಸವೆಂದೇ ಆ ಕಾಲದವರು ತಿಳಿದಿದ್ದರು. ಇಂದು ನಾನು ಪೆನ್ನು ಹಿಡಿದಿದ್ದೇನೆಂದರೆ ಹಿಂದೆ ಆ ಎರಡನೆಯ ಗೋಡೆ ಇದೆ.

ಆ ಮೌನಮಠಕ್ಕೆ ಬಂದವರಲ್ಲಿ ಮರಿಯಮ್ ಬವಾರ್ದಿ ಎಂಬ ಹುಡುಗಿಯಿದ್ದಳು. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯವಳು, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವಳು, ಮನೆಗೆಲಸ ಮಾಡಿ ಬೆಳೆದವಳು, ಓದುಬರಹ ಅಷ್ಟಕ್ಕಷ್ಟೆ. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೆಗೆದುಕೊಂಡಳು. ಅವಳಿಗಾಗುತ್ತಿದ್ದ ಅನುಭವಗಳನ್ನು ಮೇಲಿನವರು ನಂಬಲಿಲ್ಲ. 1872ರಲ್ಲಿ ಹಡಗು ಹತ್ತಿಸಿ ವಾಪಸು ಫ್ರಾನ್ಸಿಗೆ ಕಳುಹಿಸಿದರು. ಆಕೆ ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿದಳು, 1878ರಲ್ಲಿ ತೀರಿಕೊಂಡಳು, 2015ರ ಮೇ 17ರಂದು ಸಂತಳೆಂದು ಘೋಷಿತಳಾದಳು. ಅಪವಾದ ಬಂದರೂ ಮಂಗಳೂರಿನಲ್ಲಿ ಸಹಿಸಿಕೊಂಡಳಲ್ಲ, ನೀವೂ ಸಹಿಸಿಕೊಳ್ಳಿ ಎಂದು ಇವಳ ಕತೆಯನ್ನೂ ನಮಗೆ ಹೇಳುವುದುಂಟು. ನಾನು ಕೇಳುವುದಿಷ್ಟೆ. ಸಹಿಸಿದ್ದು ಅವಳ ದೊಡ್ಡತನ. ಅವಳನ್ನು ನಂಬದೆ ಹಡಗು ಹತ್ತಿಸಿದವರದ್ದು ಏನು? ಅದನ್ನು ನೋಡುತ್ತಾ ಪಕ್ಕದಲ್ಲಿ ಸುಮ್ಮನಿದ್ದವರದ್ದು ಏನು? ತನ್ನ ಮೇಲೆ ಬಂದ ಮಾತನ್ನು ನುಂಗುವವಳು ಸಂತಳಾಗಬಹುದು. ಇನ್ನೊಬ್ಬಳ ಮೇಲೆ ಬಂದ ಮಾತನ್ನು ಕೇಳಿ ಸುಮ್ಮನಿರುವವರಿಗೆ ಯಾವ ಪೋಪರೂ ಸಂತ ಪದವಿ ಕೊಟ್ಟದ್ದನ್ನು ನಾನು ಓದಿಲ್ಲ.

ಇದನ್ನು ಇಷ್ಟು ಖಾರವಾಗಿ ಬರೆಯಲು ಕಾರಣವಿದೆ. ಸುಮ್ಮನಿದ್ದವಳು ನಾನೇ.

1998ರ ಅಕ್ಟೋಬರ್. ಜಪಮಾಲೆಯ ತಿಂಗಳಾದ್ದರಿಂದ ನಮ್ಮ ವಾಡೆಯಲ್ಲಿ ಸಂಜೆಗೊಂದು ಮನೆಯಂತೆ ತೇರ್ಸ್ ನಡೆಯುತ್ತಿತ್ತು. ಐವತ್ತು ನಮೋ ಮರಿಯಾ ಮುಗಿಸಿ ಜಗಲಿಯಲ್ಲಿ ಕಾಫಿಗೆ ಕುಳಿತಾಗ ಒಬ್ಬ ಬಾಯಿ ಶುರುಮಾಡಿದರು. "ನಾನು ಕಣ್ಣಾರೆ ಕಂಡದ್ದು ಮಾರಾಯ್ತಿ. ಹಂಪನಕಟ್ಟೆಯಲ್ಲಿ ಯಾರೋ ಗಂಡಸಿನ ಜೊತೆ ರಿಕ್ಷಾ ಹತ್ತಿದಳು. ನನಗೆಂತಕ್ಕೆ ಅವರವರ ವಿಷಯ? ಹೇಳಿದೆ ಅಷ್ಟೆ." ಹೇಳಿದ್ದು ನಮ್ಮದೇ ವಾಡೆಯ ಹುಡುಗಿಯೊಬ್ಬಳ ಬಗ್ಗೆ. ನಾನು ಪಾಠ ಮಾಡಿದ ಮೊದಲ ಮಕ್ಕಳಲ್ಲಿ ಒಬ್ಬಳು. ಮುಂದಿನ ಆದಿತ್ಯವಾರ ಅವಳ ಮದುವೆಯ ಮೊದಲ ಪ್ರಕಟಣೆ ಇಗರ್ಜಿಯಲ್ಲಿ ಓದಬೇಕಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ವಾರ ಹೆಸರು ಓದಿ, ಅಡ್ಡಿಯೇನಾದರೂ ಇದ್ದರೆ ತಿಳಿಸಿ ಎಂದು ಊರಿಗೆ ಹೇಳುವ ಪದ್ಧತಿಯಿದೆ.

ಅವಳು ಹತ್ತಿದ ಆ ರಿಕ್ಷಾದಲ್ಲಿ ಮೊದಲೇ ಕುಳಿತಿದ್ದವಳು ನಾನು. ಮಳೆಗೆ ಪರದೆ ಇಳಿಸಿದ್ದರಿಂದ ಒಳಗೆ ಇದ್ದವರು ಕಾಣುತ್ತಿರಲಿಲ್ಲ. ನನ್ನ ತೊಡೆಯ ಮೇಲೆ ಅವಳ ತಾಯಿ ತಲೆಯಿಟ್ಟು ಮಲಗಿದ್ದರು. ಆ ಗಂಡಸು ಅವಳ ಚಿಕ್ಕಪ್ಪನ ಮಗ. ತಾಯಿಗೆ ಮನಸ್ಸಿನ ಕಾಯಿಲೆ. ಮಂಗಳೂರಿನ ಆಸ್ಪತ್ರೆಗೆ ಗುಟ್ಟಾಗಿ ಕರೆದುಕೊಂಡು ಹೋಗಿದ್ದೆವು. "ಟೀಚರ್, ಯಾರಿಗೂ ಹೇಳಬೇಡಿ" ಎಂದು ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

ಆ ಗುಟ್ಟನ್ನು ನಾನು ಕಾಪಾಡಲೇಬೇಕಿತ್ತು, ಕಾಪಾಡಿದೆ. ಆದರೆ ರಿಕ್ಷಾದಲ್ಲಿ ನಾನೂ ಇದ್ದೆ ಎಂದು ಹೇಳಲು ಯಾವ ಗುಟ್ಟೂ ಒಡೆಯಬೇಕಿರಲಿಲ್ಲ. ಮೂರೇ ಪದ. ಕಾಫಿ ಲೋಟ ಹಿಡಿದುಕೊಂಡು ಆ ಮೂರು ಪದಗಳನ್ನು ನಾನು ನುಂಗಿದೆ. ಮದುವೆಯಾಗಿ ಆ ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೆಲಸ ಖಾಯಂ ಆಗಿರಲಿಲ್ಲ. ಆ ಬಾಯಿಯ ಮನೆಯವರ ಮಾತು ಊರಲ್ಲಿ ನಡೆಯುತ್ತಿತ್ತು. ಚಾಡಿಗೆ ನಾನು ಸೇರಲಿಲ್ಲವಲ್ಲ, ಅದೇ ದೊಡ್ಡದು ಎಂದು ಮನೆಗೆ ಹೋಗುವ ದಾರಿಯಲ್ಲಿ ಸಮಾಧಾನ ಮಾಡಿಕೊಂಡೆ. ಆಗ ವಾಟ್ಸಾಪ್ ಇರಲಿಲ್ಲ. ಆ ಸುದ್ದಿಗೆ ಅದು ಬೇಕಾಗಲೂ ಇಲ್ಲ. ಶುಕ್ರವಾರದ ಹೊತ್ತಿಗೆ ಗಂಡಿನ ಕಡೆಯವರು ಬೇಡವೆಂದು ಹೇಳಿ ಕಳುಹಿಸಿದರು. ಆದಿತ್ಯವಾರ ಅವಳ ಹೆಸರು ಓದಲಿಲ್ಲ.

ಮಾಡಿದ್ದರಂತೆಯೇ ಮಾಡದೆ ಬಿಟ್ಟದ್ದೂ ಪಾಪವೆಂದು ಪ್ರತಿ ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಹೇಳುವವರು ನಾವು. ಆದರೂ ಎಷ್ಟೋ ವರ್ಷ ಕುಮ್ಸಾರಿಗೆ ಹೋದಾಗ, ಮಕ್ಕಳಿಗೆ ಬೈದೆ, ಅತ್ತೆಗೆ ಎದುರು ಮಾತಾಡಿದೆ ಎಂದು ಒಪ್ಪಿಕೊಂಡೆನೇ ಹೊರತು ಈ ಮೌನವನ್ನು ಒಪ್ಪಿಕೊಳ್ಳಲಿಲ್ಲ. ಅದು ಪಾಪದ ಪಟ್ಟಿಯಲ್ಲಿದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಮಾತಾಡಿದ್ದೆಲ್ಲ ಪಾಪ, ಸುಮ್ಮನಿದ್ದದ್ದೆಲ್ಲ ಪುಣ್ಯ ಎಂದೇ ನಮ್ಮನ್ನು ಬೆಳೆಸಿದ್ದರು.

ನಾನಿರುವುದು ಧರ್ಮಸ್ಥಳದಲ್ಲಿ. ಮಾತು ಬಿಡ ಮಂಜುನಾಥ ಎಂಬ ಗಾದೆ ಹುಟ್ಟಿದ ಊರು. ಕೊಟ್ಟ ಮಾತನ್ನು ದೇವರು ಮರೆಯುವುದಿಲ್ಲ, ಕೇಳಿಯೇ ಕೇಳುತ್ತಾನೆ ಎಂಬ ಭಯಕ್ಕೆ ಎಷ್ಟೋ ಜಗಳಗಳು ಇಲ್ಲಿ ಆಣೆ ಪ್ರಮಾಣದ ಮಾತು ಬಂದ ಕೂಡಲೇ ನಿಂತುಹೋಗುತ್ತವೆ. 2011ರ ಜೂನಿನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೂ ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಪ್ರಮಾಣದ ಸವಾಲು ಹಾಕಿಕೊಂಡು ಇಲ್ಲಿಗೆ ಬಂದಿದ್ದರು. ಇಬ್ಬರೂ ಕೈಮುಗಿದು, ಪ್ರಮಾಣ ಮಾಡದೆ ಹಿಂತಿರುಗಿದರು. ಆಗ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಕೇಳಿದರು: "ನಿಮ್ಮಲ್ಲಿ ಹೀಗೆ ಆಣೆ ಹಾಕುವುದು ಇಲ್ಲವಾ ಟೀಚರ್?" ಯೇಸು ಆಣೆಯನ್ನೇ ಇಡಬೇಡಿ ಎಂದಿದ್ದಾರೆ, ಹೌದಾದದ್ದನ್ನು ಹೌದೆಂದೂ ಅಲ್ಲವಾದದ್ದನ್ನು ಅಲ್ಲವೆಂದೂ ಹೇಳಿದರೆ ಸಾಕಂತೆ ಎಂದೆ. "ಹಾಗಾದರೆ ನಿಮಗೆ ದಿನಾ ಪ್ರಮಾಣವೇ" ಎಂದು ಅವರು ನಕ್ಕರು. ತಮಾಷೆಗೆ ಹೇಳಿದ್ದು. ಆದರೆ ನನಗೆ ಆ ರಿಕ್ಷಾ ನೆನಪಾಯಿತು. ಹೌದಾದದ್ದನ್ನು ಹೌದೆಂದು ಹೇಳಬೇಕಾದಲ್ಲಿ ನಾನು ಹೇಳಿರಲಿಲ್ಲ.

2025ರ ಮಳೆಗಾಲದಲ್ಲಿ ಇದೇ ಊರಿನ ಹೆಸರು ದಿನಬೆಳಗಾದರೆ ಟಿವಿಯಲ್ಲಿತ್ತು. ಹೆಣಗಳನ್ನು ಹೂತಿದ್ದೇನೆಂದು ಒಬ್ಬ ದೂರು ಕೊಟ್ಟದ್ದು, ಜುಲೈಯಲ್ಲಿ ವಿಶೇಷ ತನಿಖಾ ತಂಡ ಬಂದದ್ದು, ನೆಲ ಅಗೆದದ್ದು, ಆಗಸ್ಟಿನಲ್ಲಿ ದೂರು ಕೊಟ್ಟವನನ್ನೇ ಬಂಧಿಸಿದ್ದು ಎಲ್ಲ ನಿಮಗೆ ಗೊತ್ತಿದೆ. ಅದರ ಸತ್ಯಾಸತ್ಯ ಹೇಳುವ ಅಧಿಕಾರ ತನಿಖೆಗೆ, ನ್ಯಾಯಾಲಯಕ್ಕೆ, ನನಗಲ್ಲ. ನಾನು ಕಂಡದ್ದು ನಾಲಗೆಗಳನ್ನು. ಒಂದು ಕಡೆ ಎಲ್ಲವೂ ತಮಗೆ ಗೊತ್ತೆಂದು ಮೊಬೈಲಿನಲ್ಲಿ ಕೂಗುವವರು, ಇನ್ನೊಂದು ಕಡೆ ಕೇಳುವುದೇ ದ್ರೋಹ ಎನ್ನುವವರು. ನಮ್ಮವರಲ್ಲಿ ಹಲವರು "ನಾವು ನಾಲ್ಕು ಮನೆ ಇರುವವರು, ನಮಗೆಂತಕ್ಕೆ" ಎಂದು ಕಿಟಕಿ ಮುಚ್ಚಿದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಎದ್ದು ಇದು ನಿಜವಾ ಎಂದು ಕೇಳಿದ. ಕ್ಲಾಸು ಸ್ತಬ್ಧವಾಯಿತು. ದೂರು ಬಂದಿದೆ, ಪೊಲೀಸರು ಹುಡುಕುತ್ತಿದ್ದಾರೆ, ಇಷ್ಟು ನನಗೆ ಗೊತ್ತು, ಉಳಿದದ್ದು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ನೀನೂ ಯಾರಿಗೂ ಕಳುಹಿಸಬೇಡ ಎಂದೆ. ಕುಳಿತುಕೊಂಡ. ಸುಮ್ಮನಿರು ಎಂದು ಗದರಿಸುವುದು ನನಗೂ ಸುಲಭವಿತ್ತು.

ಯಾವಾಗ ಮಾತಾಡಬೇಕು, ಯಾರ ಹತ್ತಿರ ಎಂಬುದಕ್ಕೆ ನಮ್ಮಲ್ಲಿ ಕ್ರಮವೇ ಇದೆ. 2020ರ ಸೆಪ್ಟೆಂಬರಿನಲ್ಲಿ, ಲೋಕವೆಲ್ಲ ಕೊರೊನಾದಲ್ಲಿ ನರಳುತ್ತಿದ್ದಾಗ, ಪೋಪ್ ಫ್ರಾನ್ಸಿಸರು ಚಾಡಿ ಆ ರೋಗಕ್ಕಿಂತ ಕೆಟ್ಟ ಪಿಡುಗು ಎಂದದ್ದು ಎಲ್ಲ ಕಡೆ ಸುದ್ದಿಯಾಯಿತು. ಅಂದು ಅವರು ವಿವರಿಸುತ್ತಿದ್ದದ್ದು ಮತ್ತಾಯನ ಹದಿನೆಂಟನೆಯ ಅಧ್ಯಾಯವನ್ನು. ಅದರಲ್ಲಿ ತಪ್ಪು ಮಾಡಿದವನ ಬಳಿ ಮೊದಲು ಒಬ್ಬನೇ ಹೋಗಿ ಹೇಳಬೇಕು. ಕೇಳದಿದ್ದರೆ ಇನ್ನೊಬ್ಬರು ಇಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೇ ಹೇಳಬೇಕು. ಮೂರು ಮೆಟ್ಟಿಲಲ್ಲೂ ಮಾತೇ ಇದೆ. ತೇರ್ಸಿನ ಜಗಲಿಯ ಚಾಡಿ ಈ ಮೆಟ್ಟಿಲು ಹತ್ತುವುದಿಲ್ಲ; ಅದು ಹೇಳಬೇಕಾದವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಹೇಳುತ್ತದೆ. ಧ್ಯಾನಕೂಟದಲ್ಲಿ ಆ ಚೀಟಿ ಬರೆದವಳು ಕ್ರಮ ತಪ್ಪಿರಲಿಲ್ಲ. ಕುಡಿದವನಿಗೆ ಅವಳು ಹೇಳಿ ನೋಡಿರದೆ ಇರುತ್ತಾಳೆಯೇ? ಎರಡನೆಯ ಮೆಟ್ಟಿಲಿಗೆ ತವರಿನವರನ್ನು ಕರೆಯಬಹುದೇ ಎಂದು ಕೇಳಿದ್ದಳು. ಗುರುಗಳು ಮೆಟ್ಟಿಲನ್ನೇ ಕಿತ್ತರು.

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಸಂಸಾರ ಒಡೆಯಬಾರದು ಎಂಬ ಕಾಳಜಿ ಅವರಿಗಿರಬಹುದು. ಆದರೆ ಉತ್ತರ ಬೇರೆಯಾಗಬಹುದಿತ್ತು. ತವರಿಗೆ ಹೇಳಮ್ಮ, ಡಾಕ್ಟರಿಗೆ ತೋರಿಸು, ನನ್ನ ಬಳಿಗೂ ಬಾ, ಪ್ರಾರ್ಥನೆಯನ್ನೂ ಬಿಡಬೇಡ. ಇಷ್ಟೇ. ಕೌಟುಂಬಿಕ ಹಿಂಸೆಯ ವಿರುದ್ಧ 2005ರಲ್ಲಿ ಕಾನೂನಾಗಿ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊಡೆದ ಗಂಡನನ್ನು ಜೈಲಿಗೆ ಕಳುಹಿಸಲೇಬೇಕೆಂದು ಅದರಲ್ಲಿಲ್ಲ; ಮುಂದೆ ಹೊಡೆಯದಂತೆ, ಮನೆಯಿಂದ ಹೊರಹಾಕದಂತೆ ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ದೂರನ್ನು ತೆಗೆದುಕೊಳ್ಳಲು ಸಂರಕ್ಷಣಾಧಿಕಾರಿಗಳಿದ್ದಾರೆ. ಫೋನಿನಲ್ಲಿ 181 ಒತ್ತಿದರೆ ಮಹಿಳಾ ಸಹಾಯವಾಣಿ. ಧ್ಯಾನಕೂಟದ ಸಭಾಂಗಣದ ಬಾಗಿಲಿಗೆ ಆ ಮೂರು ಅಂಕಿಗಳನ್ನು ಬರೆದು ಹಚ್ಚಿದರೆ ಯಾವ ಸಂಸ್ಕಾರಕ್ಕೂ ಭಂಗ ಬರುವುದಿಲ್ಲ. ಮುಂದಿನ ವಾಡೆಸಭೆಯಲ್ಲಿ ಇದನ್ನೇ ಎದ್ದು ನಿಂತು ಹೇಳಿದೆ. ಗುರ್ಕಾರರು ಬರೆದುಕೊಂಡರು. ಹಿಂದಿನ ಸಾಲಿನಿಂದ ಯಾರೋ "ಟೀಚರಿಗೆ ಈಗೀಗ ಮಾತು ಜಾಸ್ತಿಯಾಗಿದೆ" ಎಂದದ್ದೂ ಕೇಳಿಸಿತು. ಈ ಬರಹ ಓದುವ ಹೊತ್ತಿಗೆ ಇನ್ನಷ್ಟು ಜಾಸ್ತಿಯಾಗಿರುತ್ತದೆ.

ಆ ರಿಕ್ಷಾದ ಹುಡುಗಿ ಮರುವರ್ಷವೇ ಕುವೈತಿಗೆ ಹೋದಳು. ಮನೆಗೆಲಸ, ಆಮೇಲೆ ಆಸ್ಪತ್ರೆಯೊಂದರಲ್ಲಿ ಸಹಾಯಕಿ. ಮದುವೆಯಾಗಲಿಲ್ಲ. ತಾಯಿಯ ಔಷಧದ ಖರ್ಚನ್ನು ಕೊನೆಯ ತನಕ ಅವಳೇ ನೋಡಿದಳು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಬಂದಿದ್ದಳು. ತಿಂಗಳ ಪೂಜೆ ಮುಗಿಸಿ ಸಿಮೆಟ್ರಿಯ ಗೋಡೆಯ ಹತ್ತಿರ ನಿಂತಾಗ ನಾನು ಎಲ್ಲವನ್ನೂ ಹೇಳಿದೆ. ಜಗಲಿ, ಕಾಫಿ ಲೋಟ, ನುಂಗಿದ ಮೂರು ಪದ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಾನೂ ಕಾದೆ. ಆಮೇಲೆ "ನೀವು ಅಲ್ಲಿ ಇದ್ದಿರಿ ಅಂತ ನನಗೆ ಆಗಲೇ ಗೊತ್ತಿತ್ತು ಟೀಚರ್" ಎಂದಳು. ಅಷ್ಟೇ ಹೇಳಿದ್ದು.

ಇದನ್ನು ಬರೆಯುವ ಮೊದಲು ಅವಳಿಗೆ ಫೋನು ಮಾಡಿ ಅಪ್ಪಣೆ ಕೇಳಿದೆ. ಬರೆಯಿರಿ, ಬೇಕಾದರೆ ಹೆಸರೂ ಹಾಕಿ, ಅಮ್ಮ ಹೋದರಲ್ಲ, ಇನ್ನು ಯಾರಿಗೆ ಹೆದರುವುದು ಎಂದಳು. ಹೆಸರು ನಾನು ಹಾಕಲಿಲ್ಲ.